1692ರ ಸೇಲಂ ಮಾಟಗಾತಿ ಪ್ರಕರಣ: ಪಾದ್ರಿ ಪ್ಯಾರಿಸ್ ಪಾಲು ಎಷ್ಟು?

ವರದಾಮೂಲ (ಸಾಗರ):

ಎಲ್ಲರಿಗೂ ನಮಸ್ಕಾರ. ಇತಿಹಾಸ ಓದಿಕೊಂಡವರು ಇದ್ದರೆ ಸ್ವಲ್ಪ ಸಹಾಯ ಬೇಕಿತ್ತು.

ಸಾಗರದಲ್ಲಿ ನಾವೊಂದಿಷ್ಟು ಜನ ಸೇರಿ ಮಳೆಗಾಲ ಮುಗಿದ ಮೇಲೆ ಒಂದು ರಂಗ ಓದು ಇಟ್ಟುಕೊಂಡಿದ್ದೇವೆ. ವಿಷಯ, ಅಮೆರಿಕದ ಸೇಲಂ ಹಳ್ಳಿಯಲ್ಲಿ 1692ರಲ್ಲಿ ನಡೆದ ಮಾಟಗಾತಿಯರ ವಿಚಾರಣೆ. ಬರೆದಿಟ್ಟ ನಾಟಕ ಆಡುವುದು ಬೇಡ, ವಿಚಾರಣೆಯ ದಾಖಲೆಗಳನ್ನೇ ಕನ್ನಡಕ್ಕೆ ತಂದು ಓದೋಣ ಅಂತ ತೀರ್ಮಾನ. ಆ ಹಳ್ಳಿಯ ಪ್ಯೂರಿಟನ್ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್. ಅವನ ಭಾಗ ಓದುವ ಹುಡುಗ ಒಂದೇ ಪ್ರಶ್ನೆ ಹಿಡಿದು ಕೂತಿದ್ದಾನೆ. "ಅಕ್ಕಾ, ಇವನು ಬೇಕಂತಲೇ ಮಾಡಿದ್ನಾ, ಇಲ್ಲಾ ಮಗಳ ಕಾಯಿಲೆ ನೋಡಿ ಹೆದರಿ ಹೋದ ಅಪ್ಪನಾ? ಅದು ಗೊತ್ತಾಗದೆ ನಂಗೆ ದನಿ ಬರಲ್ಲ" ಅಂತಾನೆ. ನಾನು ಓದಿದಷ್ಟರಲ್ಲಿ ಒಬ್ಬರು ಎಲ್ಲಾ ಅವನಿಂದಲೇ ಅಂತಾರೆ, ಇನ್ನೊಬ್ಬರು ಊರಿನ ಜಗಳ, ಅವನು ನೆಪ ಅಂತಾರೆ. ಬೇರೆ ಪಾದ್ರಿಗಳು ಸುಮ್ಮನಿದ್ದರಾ? ಕೊನೆಗೆ ಇವನಿಗೆ ಏನಾಯಿತು?

ಇದು ಬರೀ ನಾಟಕದ ಹುಚ್ಚಿಗೆ ಕೇಳುತ್ತಿರುವುದಲ್ಲ. ಹೊಸನಗರದ ಕಡೆ ನನ್ನ ತವರಿನ ಪಕ್ಕದ ಊರಲ್ಲಿ ಒಂದು ಮನೆಯ ಸೊಸೆಗೆ ಮೈ ಹುಷಾರಿರಲಿಲ್ಲ. ಊಟ ಸೇರುತ್ತಿರಲಿಲ್ಲ, ರಾತ್ರಿ ಕೂಗಿಕೊಳ್ಳುತ್ತಿದ್ದಳು. ಮನೆಯವರು ಪ್ರಶ್ನೆ ಕೇಳಲು ಹೋದರು. ಕವಡೆ ಹಾಕಿದವರು ಯಾರ ಹೆಸರೂ ಹೇಳಲಿಲ್ಲ. "ನಿಮ್ಮ ಮನೆಯಿಂದ ಮೂಡು ದಿಕ್ಕಲ್ಲಿ ಒಂಟಿ ಹೆಂಗಸು, ಮದ್ದು ಹಾಕಿದಾಳೆ" ಅಂದರಂತೆ. ಆ ದಿಕ್ಕಿನಲ್ಲಿ ಇರುವುದೇ ಒಂದು ಮನೆ. ಈ ಸಲ ಅಡಿಕೆ ಸುಲಿಯುವುದಕ್ಕೆ ಆ ಹೆಂಗಸನ್ನು ಯಾರೂ ಕರೆಯಲಿಲ್ಲ. ಅಂಗಳದಲ್ಲಿ ಹತ್ತಾರು ಮೆಟ್ಟುಗತ್ತಿ ಸಾಲಾಗಿ ಇಟ್ಟುಕೊಂಡು ರಾತ್ರಿಯಿಡೀ ಸುಲಿಯುತ್ತಾರಲ್ಲ, ಅವರ ಕೈ ಎಲ್ಲರಿಗಿಂತ ಚುರುಕು. ಆದರೂ ಕರೆಯಲಿಲ್ಲ. ಅದನ್ನು ನೋಡಿ ಬಂದ ಮೇಲೆ ಈ ಸೇಲಂ ವಿಷಯ ನನ್ನನ್ನು ಬಿಡುತ್ತಿಲ್ಲ.

ಕಾಡುಕೋಣ (ಹೊಸನಗರ):

ಮೇಡಂ, ಇದಕ್ಕೆ ವೈಜ್ಞಾನಿಕ ಉತ್ತರ ಇದೆ. ಅವರು ತಿನ್ನುತ್ತಿದ್ದುದು ರೈ ಎಂಬ ಧಾನ್ಯದ ರೊಟ್ಟಿ. ಒದ್ದೆ ವರ್ಷ ರೈ ತೆನೆಗೆ ಎರ್ಗಟ್ ಎನ್ನುವ ಬೂಷ್ಟು ಬರುತ್ತದೆ, ಅದು ಹೊಟ್ಟೆಗೆ ಹೋದರೆ ಸೆಳೆತ, ಭ್ರಮೆ. 1976ರಲ್ಲೇ ಇದನ್ನು ಬರೆದಿದ್ದಾರೆ. ಪಾದ್ರಿ ಪಾಪದವನು ಇರಬಹುದು, ತಪ್ಪು ಹಿಟ್ಟಿನದ್ದು.

ನಿವೃತ್ತ ಮೇಷ್ಟ್ರು (ತೀರ್ಥಹಳ್ಳಿ):

ವರದಾಮೂಲ ಅವರೇ, ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಸೇಲಂ ದಾಖಲೆಗಳೆಲ್ಲ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಾವಕಾಶವಾಗಿ ಓದಿ.

ಮೊದಲು ಕಾಡುಕೋಣ ಅವರಿಗೆ. ಎರ್ಗಟ್ ವಾದ ಬಂದ ವರ್ಷವೇ ಅದಕ್ಕೆ ಉತ್ತರವೂ ಬಂತು. ಒಂದೇ ಮನೆಯಲ್ಲಿ ಒಂದೇ ರೊಟ್ಟಿ ತಿಂದವರಲ್ಲಿ ಒಬ್ಬರಿಗೆ ಬಂದು ಉಳಿದವರಿಗೆ ಯಾಕೆ ಬರಲಿಲ್ಲ? ಆರೋಪಿಯನ್ನು ಕೋಣೆಯೊಳಗೆ ಕರೆತಂದ ಕೂಡಲೇ ಸೆಳೆತ ಶುರುವಾಗುತ್ತಿತ್ತು, ಆಕೆ ಮುಟ್ಟಿದ ತಕ್ಷಣ ನಿಲ್ಲುತ್ತಿತ್ತು. ಹಿಟ್ಟಿನ ವಿಷಕ್ಕೆ ಯಾರು ಬಂದರು ಯಾರು ಹೋದರು ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮಕ್ಕಳಿಗೆ ಏನೇ ಕಾಯಿಲೆ ಇದ್ದಿರಲಿ, ಕಾಯಿಲೆಯಿಂದ ಯಾರೂ ನೇಣಿಗೆ ಹೋಗುವುದಿಲ್ಲ. ನಾನು ಹುಟ್ಟಿದ್ದು ಸೊರಬದ ಕ್ಯಾಸನೂರಿನ ಕಡೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಲು ಸಾಲು ಸತ್ತು ಬಿದ್ದವು, ಸೌದೆಗೆ ಸೊಪ್ಪಿಗೆ ಹೋದ ಜನಕ್ಕೆ ಜ್ವರ ಬಂದು ಕೆಲವರು ತೀರಿಕೊಂಡರು. ಯಾಕೆ ಅಂತ ಯಾರಿಗೂ ತಿಳಿಯದು. ನಮ್ಮ ಕೇರಿಯಲ್ಲಿ ಚೌಡಿಗೆ ಹರಕೆ ಹೊತ್ತರು, ಕೋಳಿ ಕೊಟ್ಟರು ಅಂತ ಅಜ್ಜಿ ಹೇಳುತ್ತಿದ್ದರು. ಆಮೇಲೆ ಪುಣೆಯ ವೈರಸ್ ಸಂಶೋಧಕರು ಬಂದು ಉಣುಗಿನಿಂದ ಹರಡುವ ಹೊಸ ವೈರಸ್ ಅಂತ ಕಂಡುಹಿಡಿದರು. ಇವತ್ತಿಗೂ ಅದನ್ನು ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಅಷ್ಟು ಸಾವು ನೋವಿನ ನಡುವೆಯೂ ನಮ್ಮ ಕೇರಿಯಲ್ಲಿ ಇಂಥವಳೇ ಮಾಡಿಸಿದ್ದು ಅಂತ ಯಾರನ್ನೂ ಎಳೆದು ತಂದಿರಲಿಲ್ಲ. ಹೆದರಿಕೆ ಎರಡೂ ಕಡೆ ಒಂದೇ. ಸೇಲಂನಲ್ಲಿ ಆ ಹೆದರಿಕೆಗೆ ಮನುಷ್ಯರ ಮುಖ ಅಂಟಿಸಿದವರು ಇದ್ದರು, ಅವರ ಮಾತಿಗೆ ತೂಕವೂ ಇತ್ತು. ಪ್ಯಾರಿಸನ ಪಾಲು ಹುಡುಕಬೇಕಾದ್ದು ಅಲ್ಲಿ.

ನಿಮ್ಮ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದು. ಜನವರಿಯಲ್ಲಿ ಅವನು ಹೆದರಿದ ಅಪ್ಪ, ಅದರಲ್ಲಿ ನನಗೆ ಅನುಮಾನವಿಲ್ಲ. ಮಾರ್ಚ್ ಕೊನೆಯ ಹೊತ್ತಿಗೆ ಅವನು ಆರೋಪ ಹೊರಿಸುವವರ ಪೈಕಿ ಒಬ್ಬ. ಈ ಎರಡು ತಿಂಗಳಲ್ಲಿ ಅವನ ಮುಂದೆ ಬೇರೆ ದಾರಿ ಇತ್ತು. ಇತ್ತು ಅಂತ ಅವನಿಗೂ ಗೊತ್ತಿತ್ತು.

ಮನುಷ್ಯ ಎಂಥವನು ಅಂತ ನೋಡಿ. ಲಂಡನ್ನಿನಲ್ಲಿ ಹುಟ್ಟಿದವನು. ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ಅಪ್ಪ ತೀರಿಕೊಂಡು ಪದವಿ ಅರ್ಧಕ್ಕೆ ನಿಂತಿತು. ಬಾರ್ಬಡೋಸ್ ದ್ವೀಪದಲ್ಲಿ ಕಬ್ಬಿನ ಆಸ್ತಿ, ಆಮೇಲೆ ಬಾಸ್ಟನ್ನಿನಲ್ಲಿ ವ್ಯಾಪಾರ, ಎರಡೂ ಕೈ ಹತ್ತಲಿಲ್ಲ. 1689ರಲ್ಲಿ ಸೇಲಂ ಹಳ್ಳಿಯ ಪಾದ್ರಿಯಾದ. ಆ ಹಳ್ಳಿ ಈಗಿನ ಡ್ಯಾನ್ವರ್ಸ್. ಬಂದರಿದ್ದ ಸೇಲಂ ಪಟ್ಟಣ ಬೇರೆ, ಅದನ್ನು ಓದಿನಲ್ಲಿ ಬಿಡಿಸಿ ಹೇಳಿ, ಕೇಳುವವರಿಗೆ ಗೊಂದಲ ಆಗುತ್ತದೆ. ಇವನಿಗಿಂತ ಮುಂಚೆ ಮೂವರು ಪಾದ್ರಿಗಳು ಬಂದು ಊರಿನ ಜಗಳಕ್ಕೆ ಬೇಸತ್ತು ಹೋಗಿದ್ದರು. ಊರಲ್ಲಿ ಎರಡು ಪಾರ್ಟಿ. ಪುಟ್ನಮ್ ಮನೆತನದವರು ಪಾದ್ರಿ ಪರ, ಇನ್ನೊಂದು ಗುಂಪು ವಿರುದ್ಧ. ಸಂಬಳ ವರ್ಷಕ್ಕೆ 66 ಪೌಂಡು, ಅದರಲ್ಲಿ ಮೂರನೇ ಒಂದು ಪಾಲು ಮಾತ್ರ ನಗದು, ಉಳಿದದ್ದು ದವಸ ಧಾನ್ಯದ ರೂಪದಲ್ಲಿ. ಪಾದ್ರಿಮನೆಯನ್ನು ಅವನ ಹೆಸರಿಗೇ ಬರೆದುಕೊಟ್ಟರೋ ಇಲ್ಲವೋ ಎನ್ನುವುದೇ ಒಂದು ತಕರಾರು. 1691ರ ಅಕ್ಟೋಬರಿನಲ್ಲಿ ವಿರೋಧಿಗಳ ಕೈಗೆ ಊರಿನ ಸಮಿತಿ ಬಂತು, ಪಾದ್ರಿ ಸಂಬಳಕ್ಕೆ ತೆರಿಗೆ ಎತ್ತುವುದಿಲ್ಲ ಅಂದುಬಿಟ್ಟರು. ನವೆಂಬರ್ ಚಳಿಯಲ್ಲಿ ಅವನು ಚರ್ಚಿನವರ ಮುಂದೆ, ನಾಳೆ ಬೆಳಗಿನವರೆಗೆ ಉರಿಸುವಷ್ಟೂ ಸೌದೆ ಮನೆಯಲ್ಲಿಲ್ಲ ಅಂತ ದೂರಿದ. ಈ ಸೌದೆಯ ಮಾತು ನಿಮ್ಮ ಓದಿನಲ್ಲಿ ಇರಲೇಬೇಕು. ಬಚ್ಚಲೊಲೆ ಆರದ ಹಾಗೆ ನೋಡಿಕೊಳ್ಳುವ ಮಲೆನಾಡಿನವರಿಗೆ ಅದು ಬೇಗ ತಾಗುತ್ತದೆ.

ಆ ಚಳಿಗಾಲದಲ್ಲೇ, 1692ರ ಜನವರಿಯಲ್ಲಿ, ಅವನ 9 ವರ್ಷದ ಮಗಳು ಬೆಟ್ಟಿ, ಜೊತೆಗಿದ್ದ 11 ವರ್ಷದ ಸಂಬಂಧಿ ಹುಡುಗಿ ಅಬಿಗೈಲ್ ವಿಲಿಯಮ್ಸ್ ಇಬ್ಬರಿಗೂ ಮೈ ತಿರುಚುವುದು, ಕಿರುಚುವುದು, ಕುರ್ಚಿ ಕೆಳಗೆ ತೂರಿಕೊಳ್ಳುವುದು ಶುರುವಾಯಿತು. ಪ್ಯಾರಿಸ್ ಮೊದಲು ಮಾಡಿದ್ದು ಪ್ರಾರ್ಥನೆ, ಉಪವಾಸ. ನೆರೆಯ ಪಾದ್ರಿಗಳನ್ನು ಕರೆಸಿದ. ಅವರೂ ದೇವರ ಮೇಲೆ ಭಾರ ಹಾಕಿ ಕಾಯಿರಿ ಅಂದರು. ವೈದ್ಯ ಮಾತ್ರ ಇದು ದುಷ್ಟರ ಕೈವಾಡ ಅಂದ. ಇಲ್ಲಿಯವರೆಗೆ ಪ್ಯಾರಿಸ್ ಮೇಲೆ ನನಗೆ ಯಾವ ದೂರೂ ಇಲ್ಲ.

ಆಮೇಲೆ ಫೆಬ್ರವರಿ ಕೊನೆಯಲ್ಲಿ ಮೇರಿ ಸಿಬ್ಲಿ ಎಂಬ ನೆರೆಮನೆಯಾಕೆಯ ಉಪಾಯ. ರೈ ಹಿಟ್ಟಿಗೆ ಆ ಮಕ್ಕಳ ಮೂತ್ರ ಕಲಸಿ, ಕೆಂಡದ ಬೂದಿಯಲ್ಲಿ ಸುಟ್ಟು, ನಾಯಿಗೆ ತಿನ್ನಿಸುವುದು. ಮಾಟ ಮಾಡಿದವರು ಯಾರೆಂದು ಇದರಿಂದ ಗೊತ್ತಾಗುತ್ತದೆ ಎಂಬ ನಂಬಿಕೆ. ಪಾದ್ರಿಗೆ ತಿಳಿಯದ ಹಾಗೆ ಅವನ ಮನೆಯಲ್ಲೇ, ಅವನ ಮನೆಯ ಗುಲಾಮನಿಂದಲೇ ಮಾಡಿಸಿದರು. ಅದಾದ ಮೇಲೆ ಹುಡುಗಿಯರ ಬಾಯಿಂದ ಹೆಸರುಗಳು ಬಂದವು: ಆ ಮನೆಯಲ್ಲೇ ಗುಲಾಮಳಾಗಿದ್ದ ಟಿಟುಬಾ, ಬೇಡಿ ತಿನ್ನುತ್ತಿದ್ದ ಸಾರಾ ಗುಡ್, ಕಾಯಿಲೆಯಿಂದ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದ ಸಾರಾ ಆಸ್ಬರ್ನ್. ಮೂವರಿಗೂ ಊರಲ್ಲಿ ಹಿಂದಿಲ್ಲ ಮುಂದಿಲ್ಲ. ಫೆಬ್ರವರಿ 29ಕ್ಕೆ ವಾರಂಟ್, ಮಾರ್ಚ್ 1ಕ್ಕೆ ವಿಚಾರಣೆ. ಟಿಟುಬಾ ಒಪ್ಪಿಕೊಂಡಳು. ಸೈತಾನನ ಪುಸ್ತಕದಲ್ಲಿ ಒಂಬತ್ತು ಗುರುತು ನೋಡಿದೆ ಅಂದಳು. ಮೂವರು ಸಿಕ್ಕರು, ಹಾಗಾದರೆ ಉಳಿದ ಆರು ಮಂದಿ ಯಾರು? ಊರು ನಿದ್ದೆಗೆಟ್ಟಿತು. ಯಜಮಾನ ಹೊಡೆದು ಹೊಡೆದು ಒಪ್ಪಿಸಿದ ಅಂತ ಆಮೇಲೆ ಆಕೆ ಹೇಳಿದಳೆಂದು ಬಾಸ್ಟನ್ನಿನ ವ್ಯಾಪಾರಿ ರಾಬರ್ಟ್ ಕೇಲೆಫ್ 1700ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಒಂದು ಸೂಚನೆ: ದಾಖಲೆಗಳಲ್ಲಿ ಟಿಟುಬಾಳನ್ನು ಇಂಡಿಯನ್ ಎಂದೇ ಬರೆದಿದ್ದಾರೆ, ಅಂದರೆ ಆ ಖಂಡದ ಮೂಲನಿವಾಸಿ. ಪಾತ್ರ ಹಂಚುವಾಗ ನೆನಪಿಡಿ.

ಇನ್ನು ಬಹಳ ಜನ ಗಮನಿಸದೆ ದಾಟಿಹೋಗುವ ಸಂಗತಿ. ಮಾರ್ಚಿನಲ್ಲಿ ಪ್ಯಾರಿಸ್ ತನ್ನ ಮಗಳು ಬೆಟ್ಟಿಯನ್ನು ಸೇಲಂ ಪಟ್ಟಣದಲ್ಲಿದ್ದ ಸ್ಟೀಫನ್ ಸೂಅಲ್ ಎಂಬಾತನ ಮನೆಗೆ ಕಳಿಸಿಬಿಟ್ಟ. ಜನಜಂಗುಳಿ ಇಲ್ಲ, ಕೋರ್ಟಿಲ್ಲ, ದಿನಾ ಬಂದು ನೋಡಿ ಬಾಯಿ ಬಡಿದುಕೊಳ್ಳುವವರಿಲ್ಲ. ಮಗು ನಿಧಾನಕ್ಕೆ ಸುಧಾರಿಸಿಕೊಂಡಿತು. ಇವನ ಕಣ್ಣೆದುರಿಗೇ ಮದ್ದು ಸಿಕ್ಕಿತು ನೋಡಿ! ಅಬಿಗೈಲಳನ್ನು ಕಳಿಸಲಿಲ್ಲ. ಅವಳು ಅಲ್ಲೇ ಉಳಿದು ಒಬ್ಬರ ಮೇಲೊಬ್ಬರ ಹೆಸರು ಹೇಳುತ್ತಾ ಹೋದಳು. ಮಕ್ಕಳನ್ನು ಬೇರೆ ಬೇರೆ ಇಡಿ ಎಂಬ ಬುದ್ಧಿ ಆ ಕಾಲಕ್ಕೆ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾದರ್ 1688ರಲ್ಲಿ ಇಂಥದ್ದೇ ಕಾಟಕ್ಕೆ ಸಿಕ್ಕಿದ್ದ ಒಬ್ಬ ಹುಡುಗಿಯನ್ನು ತನ್ನ ಮನೆಯಲ್ಲಿಟ್ಟುಕೊಂಡು ಪ್ರಾರ್ಥನೆ ಮಾಡಿಸಿದ್ದ. ಸೇಲಂ ಹುಡುಗಿಯರನ್ನೂ ದೂರ ದೂರ ಇಡಿ, ಆರು ಮಂದಿಯನ್ನು ನಾನೇ ನೋಡಿಕೊಳ್ಳುತ್ತೇನೆ ಅಂತಲೂ ಹೇಳಿ ಕಳಿಸಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮ್ಯಾದರ್ ಏನೂ ಪುಣ್ಯಾತ್ಮ ಅಂತ ನಾನು ಹೇಳುತ್ತಿಲ್ಲ, ಆ 1688ರ ಪ್ರಕರಣದಲ್ಲಿ ಆನ್ ಗ್ಲೋವರ್ ಎಂಬ ಐರಿಶ್ ಮುದುಕಿ ನೇಣಿಗೇರಿದ್ದಳು. ಆದರೂ ದಾರಿ ಇತ್ತು ಎನ್ನುವುದಕ್ಕೆ ಸಾಕ್ಷಿ ಇದು.

ಮಾರ್ಚ್ 24ರಂದು ರೆಬೆಕಾ ನರ್ಸ್ ವಿಚಾರಣೆ. 71 ವರ್ಷದ ಅಜ್ಜಿ, ಕಿವಿ ಮಂದ, ಊರೆಲ್ಲ ದೈವಭಕ್ತೆ ಅಂತ ಒಪ್ಪಿದವಳು. ಆಕೆಯ ಗಂಡ ಪಾದ್ರಿಯ ವಿರುದ್ಧದ ಗುಂಪಿನವನು. ಆ ದಿನದ ಪ್ರಶ್ನೋತ್ತರ ಬರೆದುಕೊಂಡವನು ಯಾರು? ಇದೇ ಪ್ಯಾರಿಸ್. ದೂರು ಕೊಟ್ಟ ಹುಡುಗಿ ಇವನ ಮನೆಯವಳು, ಪ್ರಾರ್ಥನೆ ಮಾಡಿಸುವವನು ಇವನು, ದಾಖಲೆ ಬರೆಯುವವನೂ ಇವನೇ. ಎಷ್ಟೋ ಪ್ರಕರಣಗಳಲ್ಲಿ ತಾನೇ ಸಾಕ್ಷಿ ಹೇಳಿಕೆ ಕೊಟ್ಟ. ಒಂದೇ ಕೈಯಲ್ಲಿ ಇಷ್ಟೆಲ್ಲ ಇರಬಾರದು.

ಮೂರು ದಿನ ಬಿಟ್ಟು ಭಾನುವಾರ, ಮಾರ್ಚ್ 27. ಪ್ರವಚನಕ್ಕೆ ಅವನು ಆರಿಸಿಕೊಂಡದ್ದು ಯೋಹಾನನ ಸುವಾರ್ತೆಯ ಆರನೇ ಅಧ್ಯಾಯದ ವಚನ: ಹನ್ನೆರಡು ಮಂದಿಯನ್ನು ನಾನೇ ಆರಿಸಲಿಲ್ಲವೇ, ಆದರೂ ನಿಮ್ಮಲ್ಲಿ ಒಬ್ಬನು ಸೈತಾನ. ಚರ್ಚಿನೊಳಗೆ, ಭಕ್ತರ ನಡುವೆಯೇ ಸೈತಾನರು ಇದ್ದಾರೆ, ಎಷ್ಟು ಮಂದಿ ಎಂದು ಕ್ರಿಸ್ತನಿಗೆ ಗೊತ್ತು ಎನ್ನುವುದು ಪ್ರವಚನದ ತಿರುಳು. ರೆಬೆಕಾ ಆಗಲೇ ಸೆರೆಯಲ್ಲಿದ್ದಳು. ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಅವಳ ತಂಗಿ ಸಾರಾ ಕ್ಲಾಯ್ಸ್ ಇದ್ದಳು. ವಚನ ಕೇಳಿದ್ದೇ ಎದ್ದು ಹೊರಗೆ ಹೋದಳು, ಅವಳ ಹಿಂದೆ ಬಾಗಿಲು ದಢಾರನೆ ಬಡಿಯಿತು. ಎರಡು ವಾರದೊಳಗೆ ಅವಳ ಮೇಲೂ ವಾರಂಟ್. ಅದೇ ದಿನ ಪ್ಯಾರಿಸ್ ಮೇರಿ ಸಿಬ್ಲಿಯನ್ನು ಎಲ್ಲರೆದುರು ನಿಲ್ಲಿಸಿದ. ನೀನು ಆ ನಾಯಿರೊಟ್ಟಿ ಮಾಡಿಸಿದ್ದರಿಂದಲೇ ನಮ್ಮ ನಡುವೆ ಸೈತಾನ ಎದ್ದ ಅಂತ ಚರ್ಚಿನ ಪುಸ್ತಕದಲ್ಲೂ ಬರೆದಿಟ್ಟ. ಅವಳು ಅತ್ತು ತಪ್ಪೊಪ್ಪಿಕೊಂಡಳು, ಜನ ಕೈಯೆತ್ತಿ ಕ್ಷಮಿಸಿದರು. ಅಂದರೆ ಚರ್ಚಿನೊಳಗಿನ ತಪ್ಪನ್ನು ಚರ್ಚಿನೊಳಗೇ ಮುಗಿಸುವ ಕ್ರಮ ಅವನಿಗೆ ಬರುತ್ತಿತ್ತು! ಪುಟ್ನಮ್ ಕಡೆಗೆ ಹತ್ತಿರದವಳಾದ ಸಿಬ್ಲಿಗೆ ಅದು ಸಿಕ್ಕಿತು, ನರ್ಸ್ ಅಜ್ಜಿಗೆ ಸಿಗಲಿಲ್ಲ.

ನಿಮ್ಮ ತವರಿನ ಕಡೆ ಕವಡೆ ಹಾಕಿದವರು ಹೆಸರು ಹೇಳಲಿಲ್ಲ, ದಿಕ್ಕು ಹೇಳಿದರು. ಪ್ಯಾರಿಸನ ಪ್ರವಚನವೂ ಹಾಗೆಯೇ, ಅದರಲ್ಲಿ ಯಾರ ಹೆಸರೂ ಇಲ್ಲ. ಹೆಸರು ಹಾಕಿಕೊಳ್ಳುವ ಕೆಲಸ ಕೇಳಿದವರಿಗೆ ಬಿಟ್ಟದ್ದು. ನಿಮ್ಮ ಹುಡುಗ ದನಿ ಹುಡುಕಬೇಕಾದ್ದು ಈ ಜಾಗದಲ್ಲಿ. ಕಿರುಚುವುದು ಬೇಡ. ಅವನು ನಂಬಿಕೆಯಿಂದ, ಊರಿನ ಒಳ್ಳೆಯದಕ್ಕೆ ಅಂತಲೇ ಹೇಳುತ್ತಿದ್ದ. ಹಾಗೇ ಓದಲಿ.

ಕರಿಕೋಟು (ಶಿವಮೊಗ್ಗ):

ಮೇಷ್ಟ್ರೇ, ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ವಕೀಲಿ ಮಾಡುವವಳು, ಕೋರ್ಟಿನ ಕಡೆಯಿಂದ ಎರಡು ಮಾತು.

ಪಾದ್ರಿ ಒಬ್ಬನನ್ನೇ ಹಿಡಿದುಕೊಂಡರೆ ನ್ಯಾಯಾಧೀಶರು ತಪ್ಪಿಸಿಕೊಳ್ಳುತ್ತಾರೆ. ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದ್ದು ಕೋರ್ಟು. ಅಲ್ಲಿ ಆರೋಪಿಗೆ ವಕೀಲರೇ ಇರಲಿಲ್ಲ. ಅದಕ್ಕಿಂತ ಘೋರ ಎಂದರೆ ಅವರು ಒಪ್ಪಿಕೊಂಡ ಸಾಕ್ಷ್ಯ. "ಈಕೆಯ ರೂಪ ರಾತ್ರಿ ಬಂದು ನನ್ನ ಕತ್ತು ಹಿಸುಕಿತು" ಅಂತ ಹುಡುಗಿ ಹೇಳಬೇಕು, ಅಷ್ಟು ಸಾಕು. ಆ ರೂಪ ಬೇರೆ ಯಾರ ಕಣ್ಣಿಗೂ ಕಾಣುವುದಿಲ್ಲ. ನಾನು ಆ ರಾತ್ರಿ ನನ್ನ ಮನೆಯಲ್ಲಿ ಮಲಗಿದ್ದೆ, ಗಂಡ ಮಕ್ಕಳು ನೋಡಿದ್ದಾರೆ ಅಂದರೂ ಪ್ರಯೋಜನ ಇಲ್ಲ, ಹೋದದ್ದು ದೇಹ ಅಲ್ಲವಲ್ಲ. ಇಂಥ ಸಾಕ್ಷ್ಯದ ಎದುರು ಪಾಟೀಸವಾಲು ಮಾಡುವುದು ಹೇಗೆ? ಮಾಡಿದ್ದೇನೆ ಅಂತ ಒಪ್ಪಿಕೊಂಡವರು ಉಳಿದರು, 50ಕ್ಕೂ ಹೆಚ್ಚು ಜನ ಒಪ್ಪಿಕೊಂಡರು. ಇಲ್ಲ ಅಂತ ಗಟ್ಟಿಯಾಗಿ ನಿಂತವರು ಸತ್ತರು. ರೆಬೆಕಾ ನರ್ಸ್ ವಿಷಯದಲ್ಲಿ ಜ್ಯೂರಿ ಮೊದಲು ನಿರಪರಾಧಿ ಅಂತಲೇ ಹೇಳಿತ್ತು. ಹುಡುಗಿಯರು ಗದ್ದಲ ಎಬ್ಬಿಸಿದರು, ಮುಖ್ಯ ನ್ಯಾಯಾಧೀಶ ಸ್ಟೌಟನ್ ಇನ್ನೊಮ್ಮೆ ಯೋಚಿಸಿ ಅಂದ. ಜ್ಯೂರಿ ಅಜ್ಜಿಯನ್ನು ಒಂದು ಮಾತಿನ ಅರ್ಥ ಕೇಳಿತು, ಅವಳಿಗೆ ಕೇಳಿಸಲಿಲ್ಲ, ಉತ್ತರ ಬರಲಿಲ್ಲ. ತೀರ್ಪು ತಿರುಗಿತು. ಜುಲೈ 19ಕ್ಕೆ ನೇಣು. ನಾನು ಇದನ್ನು ಓದಿದ ದಿನ ಫೈಲು ಮುಚ್ಚಿ ಸುಮ್ಮನೆ ಕೂತುಬಿಟ್ಟಿದ್ದೆ.

ಬೇರೆ ಪಾದ್ರಿಗಳು ಏನು ಮಾಡಿದರು ಅಂತ ಕೇಳಿದ್ದೀರಿ. ಜೂನ್ 10ರಂದು ಬ್ರಿಜೆಟ್ ಬಿಷಪ್ ನೇಣಾದ ಮೇಲೆ ಗವರ್ನರ್ ಫಿಪ್ಸ್ ಕಡೆಯವರು ಬಾಸ್ಟನ್ ಪಾದ್ರಿಗಳ ಅಭಿಪ್ರಾಯ ಕೇಳಿದರು. ಜೂನ್ 15ರಂದು ಉತ್ತರ ಬಂತು, ಬರೆದವನು ಕಾಟನ್ ಮ್ಯಾದರ್. ರೂಪ ಕಂಡಿತು ಎನ್ನುವುದೊಂದೇ ಆಧಾರದ ಮೇಲೆ ಶಿಕ್ಷೆ ಕೊಡಬೇಡಿ, ಸೈತಾನ ನಿರಪರಾಧಿಯ ರೂಪವನ್ನೂ ತೊಡಬಲ್ಲ ಅಂತ ಮೊದಲಿಂದ ಎಚ್ಚರಿಸಿ, ಕೊನೆಯ ಕಲಮಿನಲ್ಲಿ ತಪ್ಪಿತಸ್ಥರನ್ನು ಬೇಗ, ಬಿಗಿಯಾಗಿ ಶಿಕ್ಷಿಸಿ ಅಂತ ಮುಗಿಸಿದ. ಕೋರ್ಟು ಕೊನೆಯ ಕಲಮು ಮಾತ್ರ ಓದಿತು. ದಿನಾ ಅಭಿಪ್ರಾಯ ಪತ್ರ ಬರೆಯುವವಳಾಗಿ ಹೇಳುತ್ತೇನೆ, ಜೀವದ ಪ್ರಶ್ನೆಯಲ್ಲಿ ಎರಡೂ ಕಡೆಗೆ ಬರೆದುಕೊಟ್ಟರೆ ಓದುವವನು ತನಗೆ ಬೇಕಾದ್ದು ತಗೊಳ್ಳುತ್ತಾನೆ. ಆಗಸ್ಟ್ 19ರಂದು ನೇಣಿಗೇರಿದ್ದು ಜಾರ್ಜ್ ಬರೋಸ್, ಅದೇ ಹಳ್ಳಿಯ ಹಿಂದಿನ ಪಾದ್ರಿ. ಮಾಟ ಮಾಡುವವರಿಗೆ ತಡವರಿಸದೆ ಹೇಳಲು ಆಗುವುದಿಲ್ಲ ಎಂದು ನಂಬಿದ್ದ ಪ್ರಾರ್ಥನೆಯನ್ನು ಅವನು ನೇಣಿನ ಕೆಳಗೆ ನಿಂತು ಒಂದಕ್ಷರ ತಪ್ಪದೆ ಹೇಳಿದ. ಜನ ಅಳತೊಡಗಿದರು. ಕುದುರೆ ಮೇಲೆ ಬಂದಿದ್ದ ಮ್ಯಾದರ್, ಸೈತಾನ ದೇವದೂತನ ವೇಷದಲ್ಲೂ ಬರುತ್ತಾನೆ ಅಂತ ಹೇಳಿ ಜನರನ್ನು ಸಮಾಧಾನ ಮಾಡಿದನಂತೆ. ಆ ದಿನ ಉಳಿದವರನ್ನೂ ನೇಣಿಗೆ ಹಾಕಿದರು.

ತಡೆ ಬಿದ್ದದ್ದು ಅಕ್ಟೋಬರಿನಲ್ಲಿ. ಇದೇ ಕಾಟನ್‌ನ ಅಪ್ಪ ಇನ್‌ಕ್ರೀಸ್ ಮ್ಯಾದರ್ ಪಾದ್ರಿಗಳ ಸಭೆಯ ಮುಂದೆ ತನ್ನ ಬರಹ ಇಟ್ಟ. ಒಬ್ಬ ನಿರಪರಾಧಿಗೆ ಶಿಕ್ಷೆಯಾಗುವುದಕ್ಕಿಂತ ಅನುಮಾನವಿರುವ ಹತ್ತು ಮಾಟಗಾತಿಯರು ತಪ್ಪಿಸಿಕೊಳ್ಳುವುದೇ ವಾಸಿ ಅಂತ ಅದರಲ್ಲಿ ನೇರವಾಗಿ ಬರೆದಿದ್ದ. ಫಿಪ್ಸ್ ಆ ಕೋರ್ಟನ್ನು ಮುಚ್ಚಿಸಿದ. 1693ರ ಜನವರಿಯಲ್ಲಿ ಹೊಸ ಕೋರ್ಟು ರೂಪದ ಸಾಕ್ಷ್ಯವನ್ನು ಬದಿಗಿಟ್ಟಿತು, ತಪ್ಪಿತಸ್ಥರೆಂದು ತೀರ್ಪಾದದ್ದು ಮೂವರು ಮಾತ್ರ, ಅವರೂ ನೇಣಿಗೆ ಹೋಗಲಿಲ್ಲ.

ವರದಾಮೂಲ ಅವರೇ, ನಿಮ್ಮ ತವರಿನ ಕಡೆಯ ಆ ಹೆಂಗಸಿನ ವಿಷಯ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರದ್ದು, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದು, ಹಾವು ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರಕ್ಕೆ ಕೂರಿಸುವುದು ಎಲ್ಲ ಅದರಲ್ಲಿ ಅಪರಾಧ. ಬರೀ ದಿಕ್ಕು ಹೇಳಿದ್ದು ಯಾವ ಕಲಮಿನೊಳಗೆ ಬರುತ್ತದೆ ಅಂತ ಕಾಗದ ನೋಡಿಯೇ ಹೇಳಬೇಕು. ಆದರೆ ಅವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದು ಕೊಡಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಅವರ ಜೊತೆ ಯಾರಾದರೂ ಒಬ್ಬರು ಹೋಗಿ ಬನ್ನಿ, ಒಬ್ಬರನ್ನೇ ಕಳಿಸಬೇಡಿ. ಆ ಸೊಸೆಯನ್ನೂ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಬರಲು ಹೇಳಿ, ಅವಳಿಗೆ ನಿಜವಾಗಿ ಏನಾಗಿದೆ ಅಂತ ಯಾರೂ ನೋಡಿದ ಹಾಗಿಲ್ಲ.

ಕಾಡುಕೋಣ (ಹೊಸನಗರ):

ಮೇಷ್ಟ್ರು ಹೇಳಿದ ಮೇಲೆ ಎರ್ಗಟ್ ಬಗ್ಗೆ ಬಂದ ಉತ್ತರವನ್ನೂ ಹುಡುಕಿ ಓದಿದೆ. ಮುಟ್ಟಿದ ಕೂಡಲೇ ಸೆಳೆತ ನಿಲ್ಲುವುದಕ್ಕೆ ಬೂಷ್ಟಿನಲ್ಲಿ ವಿವರಣೆ ಇಲ್ಲ, ಒಪ್ಪಿದೆ. ಮೇಡಂ, ಆ ಊರು ಯಾವುದು ಅಂತ ನನಗೆ ಖಾಸಗಿಯಾಗಿ ತಿಳಿಸಿ. ನಾನು ಅದೇ ತಾಲ್ಲೂಕಿನಲ್ಲಿ ಇರುವುದು, ಅರ್ಜಿ ಕೊಡುವ ದಿನ ಜೀಪು ತರುತ್ತೇನೆ.

ವರದಾಮೂಲ (ಸಾಗರ):

ಎಲ್ಲರಿಗೂ ತುಂಬಾ ಉಪಕಾರವಾಯಿತು. ಕರಿಕೋಟು ಮೇಡಂ, ನನ್ನ ತಮ್ಮನಿಗೆ ಫೋನ್ ಮಾಡಿ ನೀವು ಹೇಳಿದ್ದನ್ನೆಲ್ಲ ಹೇಳಿದ್ದೇನೆ. ಸೊಸೆಯ ಅಮ್ಮನೂ ಆಸ್ಪತ್ರೆಗೆ ತೋರಿಸೋಣ ಅಂತಿದ್ದಾರಂತೆ. ಕಾಡುಕೋಣ ಅವರೇ, ಸಂದೇಶ ಕಳಿಸಿದ್ದೇನೆ.

ಮೇಷ್ಟ್ರೇ, ಮಾರ್ಚ್ 27ರ ಭಾಗವನ್ನು ನಮ್ಮ ಹುಡುಗನಿಗೆ ಓದಿ ಹೇಳಿದೆ. "ಇವನು ನಮ್ಮೂರ ಸಭೆಯಲ್ಲಿ ಎದ್ದು ನಿಂತರೆ ನಾನೂ ತಲೆಯಾಡಿಸ್ತಿದ್ದೆ ಅಲ್ವಾ ಅಕ್ಕಾ" ಅಂದ. ಆಮೇಲೆ ದನಿ ತಗ್ಗಿಸಿ ಓದಿದ, ಈಗ ಸರಿ ಬರುತ್ತಿದೆ. ಕೊನೆ ಹೇಗೆ ಮಾಡಬೇಕು ಅಂತ ಮಾತ್ರ ಹೊಳೆಯುತ್ತಿಲ್ಲ. ಪ್ಯಾರಿಸ್ ಕ್ಷಮೆ ಕೇಳಿದನಾ? ಟಿಟುಬಾ ಏನಾದಳು?

ನಿವೃತ್ತ ಮೇಷ್ಟ್ರು (ತೀರ್ಥಹಳ್ಳಿ):

ತಂಗೀ, ಟಿಟುಬಾ ಮೊದಲು. ಒಂದು ವರ್ಷಕ್ಕೂ ಮೇಲೆ ಸೆರೆಯಲ್ಲಿ ಕೊಳೆತಳು. ಆ ಕಾಲದಲ್ಲಿ ಸೆರೆಮನೆಯ ಊಟದ ಖರ್ಚು, ಬೇಡಿಯ ಖರ್ಚು ಎಲ್ಲ ಕೈದಿಯೇ ತೆರಬೇಕು, ನಿರಪರಾಧಿ ಅಂದಮೇಲೂ ತೆತ್ತೇ ಹೊರಗೆ ಬರಬೇಕು. ಪ್ಯಾರಿಸ್ ಆ ಹಣ ಕಟ್ಟಲಿಲ್ಲ. ಕೊನೆಗೆ ಬೇರೆ ಯಾರೋ ಕಟ್ಟಿ ಅವಳನ್ನು ಕೊಂಡುಕೊಂಡು ಹೋದರು. ಅಲ್ಲಿಂದ ಮುಂದೆ ದಾಖಲೆಗಳಲ್ಲಿ ಅವಳ ಸುಳಿವಿಲ್ಲ. ಪ್ಯಾರಿಸ್ ಮಾಡಿದ್ದರಲ್ಲಿ ನನ್ನನ್ನು ಬಹಳ ನೋಯಿಸುವುದು ಇದು. ಅವನ ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದ ಹೆಂಗಸು ಅವಳು.

ಕ್ಷಮೆ ಕೇಳಿದನಾ ಅಂದರೆ, ಅರ್ಧ. 1694ರ ನವೆಂಬರಿನಲ್ಲಿ ಸಮಾಧಾನಕ್ಕೆಂದು ಒಂದು ಬರಹ ಸಿದ್ಧಮಾಡಿ ಚರ್ಚಿನಲ್ಲಿ ಓದಿದ. ಈ ಕೇಡು ನನ್ನ ಮನೆಯಿಂದಲೇ ಶುರುವಾದದ್ದು ದೇವರು ನನಗೆ ಕೊಟ್ಟ ಪೆಟ್ಟು, ರೂಪದ ಸಾಕ್ಷ್ಯವನ್ನು ಹೆಚ್ಚು ನೆಚ್ಚಿಕೊಂಡೆ, ಸೈತಾನ ಒಳ್ಳೆಯವರ ರೂಪವನ್ನೂ ತೊಡಬಲ್ಲ ಅಂತ ಈಗ ಅನ್ನಿಸುತ್ತದೆ ಎಂಬ ಧಾಟಿ. ನರ್ಸ್ ಅಜ್ಜಿಯ ಮಗ, ಅಳಿಯ ಅದನ್ನು ಒಪ್ಪಲಿಲ್ಲ. ನಮ್ಮ ತಾಯಿ ಸತ್ತದ್ದು ಯಾರ ಸಾಕ್ಷಿಯಿಂದ ಅಂತ ಇವನು ಬಾಯಿಬಿಟ್ಟು ಹೇಳಲಿ ಎನ್ನುವುದು ಅವರ ಹಟ. ಅವನು ಕೊಡುವ ರೊಟ್ಟಿ ದ್ರಾಕ್ಷಾರಸ ನಮಗೆ ಬೇಡ ಅಂತ ವರ್ಷಗಟ್ಟಲೆ ದೂರ ಉಳಿದರು. ನಾನು ಅವರ ಪರ. 1697ರಲ್ಲಿ ಪಂಚಾಯಿತಿ ಮಾಡಿ, ಬಾಕಿ ಸಂಬಳದ ಲೆಕ್ಕ ಚುಕ್ತಾ ಮಾಡಿ, ಪಾದ್ರಿಮನೆ ಬಿಡಿಸಿಕೊಂಡು ಅವನನ್ನು ಕಳಿಸಿದರು. ಊರೂರು ಅಲೆದು 1720ರಲ್ಲಿ ಸಡ್ಬರಿಯಲ್ಲಿ ತೀರಿಕೊಂಡ. ಅದೇ 1697ರ ಜನವರಿಯಲ್ಲಿ ನ್ಯಾಯಾಧೀಶರಲ್ಲೊಬ್ಬನಾದ ಸ್ಯಾಮ್ಯುಯೆಲ್ ಸೂಅಲ್ ಬಾಸ್ಟನ್ ಚರ್ಚಿನಲ್ಲಿ ಎದ್ದು ನಿಂತು, ತನ್ನ ತಪ್ಪಿನ ಚೀಟಿಯನ್ನು ಪಾದ್ರಿಯಿಂದ ಎಲ್ಲರೆದುರು ಓದಿಸಿದ. ಬೆಟ್ಟಿಯನ್ನು ಮನೆಯಲ್ಲಿಟ್ಟುಕೊಂಡ ಸ್ಟೀಫನ್‌ನ ಅಣ್ಣ ಇವನು. ಆ ಪೀಠದಲ್ಲಿ ಕೂತವರ ಪೈಕಿ ಹಾಗೆ ನಿಂತವನು ಇವನೊಬ್ಬನೇ.

ಕೊನೆಗೆ ನನ್ನ ಸಲಹೆ ಕೇಳಿದರೆ, ಪ್ಯಾರಿಸ್‌ನಲ್ಲಿ ಮುಗಿಸಬೇಡಿ. ಅವನ ಜಾಗಕ್ಕೆ ಬಂದ ಜೋಸೆಫ್ ಗ್ರೀನ್ 1698ರಲ್ಲಿ ಪಾದ್ರಿಯಾದಾಗ ಅವನಿಗೆ ಬರೀ 22 ವರ್ಷ. ಚರ್ಚಿನಲ್ಲಿ ಯಾರು ಎಲ್ಲಿ ಕೂರಬೇಕೆನ್ನುವುದಕ್ಕೆ ಅವರಲ್ಲಿ ಕ್ರಮ ಇತ್ತು. ಇವನು ಬಂದ ಮೇಲೆ ನರ್ಸ್ ಮನೆಯವರನ್ನೂ ಪುಟ್ನಮ್ ಮನೆಯವರನ್ನೂ ಒಂದೇ ಬೆಂಚಿಗೆ ಹಾಕಿದರು. ಪ್ಯಾರಿಸ್ ಪ್ರವಚನದಿಂದ ಮಾಡಿದ್ದನ್ನು ಈ ಹುಡುಗ ಬೆಂಚಿನಿಂದ ಬಿಡಿಸತೊಡಗಿದ. 1706ರ ಆಗಸ್ಟ್‌ನಲ್ಲಿ ಆನ್ ಪುಟ್ನಮ್, 1692ರಲ್ಲಿ 12 ವರ್ಷದವಳಾಗಿದ್ದು ಬಹಳ ಜನರ ಹೆಸರು ಹೇಳಿದ್ದವಳು, ಚರ್ಚಿಗೆ ಸದಸ್ಯಳಾಗಲು ಬಂದಳು. ಅವಳ ತಪ್ಪೊಪ್ಪಿಗೆಯಲ್ಲಿ ರೆಬೆಕಾ ನರ್ಸ್ ಮತ್ತು ಅವಳ ಇಬ್ಬರು ತಂಗಿಯರ ಪ್ರಸ್ತಾಪ ವಿಶೇಷವಾಗಿ ಇದೆ. ಗ್ರೀನ್ ಅದನ್ನು ಮೊದಲೇ ನರ್ಸ್ ಮನೆಯವರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಸಭೆಯಲ್ಲಿ ಓದಿದ. ಇನ್ನೈದು ವರ್ಷಕ್ಕೆ, 1711ರಲ್ಲಿ, ಸರ್ಕಾರ ಸತ್ತವರ ಕುಟುಂಬಗಳಿಗೆ, ಶಿಕ್ಷೆಯಾಗಿ ಬದುಕುಳಿದವರಿಗೆ ಎಲ್ಲ ಸೇರಿ 578 ಪೌಂಡು 12 ಶಿಲಿಂಗ್ ಪರಿಹಾರ ಕೊಟ್ಟಿತು. ಅದನ್ನು ಹೇಳದಿದ್ದರೂ ನಡೆಯುತ್ತದೆ.

ಒಂದು ಎಚ್ಚರಿಕೆ. ಆನ್ ಪುಟ್ನಮ್ ಹೇಳಿಕೆಯನ್ನು ಅವಳ ಪಾತ್ರದ ಹುಡುಗಿಯಿಂದ ಓದಿಸಬೇಡಿ. ಆ ದಿನ ಅವಳು ತನ್ನ ಜಾಗದಲ್ಲಿ ಎದ್ದು ನಿಂತಿದ್ದಳು ಅಷ್ಟೇ, ಓದಿದ್ದು ಗ್ರೀನ್. ನಿಮ್ಮಲ್ಲಿ ಇನ್ನೊಬ್ಬ ಹುಡುಗ ಇದ್ದರೆ ಗ್ರೀನ್ ಭಾಗ ಅವನಿಗೆ ಕೊಡಿ. ಪ್ಯಾರಿಸ್ ಓದಿದವನೇ ಅದನ್ನೂ ಓದುವುದು ಬೇಡ. ಅನುವಾದದ ಕರಡು ಕಳಿಸಿ, ನೋಡಿಕೊಡುತ್ತೇನೆ.